ಬಳಸಿದ್ದಕ್ಕಷ್ಟೇ ದುಡ್ಡು

ನಮ್ಮ ತೊಯಾಮಾದವರ ವ್ಯಾಪಾರ ಹೀಗೆ:
ಮದ್ದಿನ ಪೆಟ್ಟಿಗೆ ಮೊದಲು ಮನೆಯಲ್ಲಿಟ್ಟು ಬರುವುದು,
ಆರು ತಿಂಗಳು ಬಿಟ್ಟು ಮತ್ತೆ ಹೋಗಿ
ಖಾಲಿಯಾದ ಪೊಟ್ಟಣ ಎಣಿಸುವುದು.
ಬಳಸಿದ್ದಕ್ಕಷ್ಟೇ ದುಡ್ಡು.
ಅಜ್ಜ ಬೆನ್ನ ಮೇಲೆ ಹೊತ್ತ, ಅಪ್ಪ ಸೈಕಲ್ಲು ತುಳಿದ.
ನನಗೊಂದು ಪುಟ್ಟ ವ್ಯಾನಿದೆ,
ಅದರ ಹೀಟರು ಕೆಟ್ಟು ಎರಡು ಚಳಿಗಾಲವಾಯಿತು.

ಹಿಮಿ ಬಂದರಿನ ಹಿಂದಿನ ಓಣಿಯಲ್ಲಿ ಚಿಗುಸಾಳ ಮನೆ.
ಗಂಡ ನಸುಕಿನ ಎರಡಕ್ಕೇ ಬಲೆಗೆ ಹೋಗುತ್ತಾನೆ.
ಮಗ ನಗಿ, ಏಳು ವರ್ಷ.
ನಗಿ ಅಂದರೆ ನಮ್ಮಲ್ಲಿ, ಗಾಳಿ ನಿಂತ ಕಡಲು.
ಹೆಸರಿಡುವಾಗ ಯಾರಿಗೆ ಏನು ಗೊತ್ತಿರುತ್ತದೆ?

ಬಾಗಿಲು ತೆರೆದವಳ ಮುಂಗೈ ಮೇಲೆ ಹಲ್ಲಿನ ಗುರುತು,
ಹಳೆಯ ಅರ್ಧಚಂದ್ರದ ಮೇಲೆ ಹೊಸದು.
ಒಳಗೆ ಗೋಡೆಗೊಂದು ಹಾಸಿಗೆ ನಿಲ್ಲಿಸಿ ಕಟ್ಟಿದ್ದರು,
ಪುಟ್ಟ ತಲೆ ತಾಗುವ ಎತ್ತರಕ್ಕೆ.
ಚಹಾ ತಂದಿಟ್ಟು, ಹೊಟ್ಟೆನೋವಿಗೆ ಮಾತ್ರೆ ಕೇಳುವ ದನಿಯಲ್ಲೇ
ಕೇಳಿದಳು: "ಆಟಿಸಂಗೆ ಏನಾದರೂ ಇಟ್ಟಿದ್ದೀರಾ?"

ನಲವತ್ತು ವರ್ಷದಲ್ಲಿ ಎಷ್ಟೋ ಸುಳ್ಳು ಮಾರಿದ್ದೇನೆ,
ಕೂದಲು ಬರುತ್ತದೆ, ಮಾವನ ಗೊರಕೆ ಹೋಗುತ್ತದೆ.
ಇದಕ್ಕೆ ನಾಲಿಗೆ ಏಳಲಿಲ್ಲ.
"ಅದಕ್ಕಿಲ್ಲ," ಅಂದೆ. "ರಾತ್ರಿ ಕೂಗಿಗೆ, ಕಚ್ಚುವ ಸಿಟ್ಟಿಗೆ
ಹಳಬರದೊಂದು ಪುಡಿ ಇದೆ. ಕೆಲವರಿಗೆ ತುಸು ತಗ್ಗಿತಂತೆ,
ಕೆಲವರಿಗೆ ಏನೂ ಇಲ್ಲ.
ಅವನ ಡಾಕ್ಟರನ್ನು ಕೇಳದೆ ಕೊಡಬೇಡಿ.
ಅತಿಯಾದರೆ ಜೇಷ್ಠಮಧುವೂ ವಿಷ."

ಹಳೇ ಪೇಪರಿನ ಮೇಲೆ ಏಳು ಮೂಲಿಕೆಯನ್ನೂ ಸುರಿದು ತೋರಿಸಿದೆ:
ಪೈನ್ ಬೇರಿಗಂಟಿ ಬೆಳೆಯುವ ಬಿಳಿ ಅಣಬೆಗಡ್ಡೆ,
ಮಳೆ ಬಿದ್ದ ಮಣ್ಣಿನ ವಾಸನೆಯ ಬೇರು, ಇನ್ನೇನೋ ನಾರು,
ಬಳ್ಳಿಯ ಗೆಣ್ಣಿನಿಂದ ಕತ್ತರಿಸಿದ ಕೊಕ್ಕೆ ಮುಳ್ಳು.
ನಗಿ ಬಂದ. ನನ್ನತ್ತ ನೋಡಲಿಲ್ಲ.
ಮುಳ್ಳುಗಳನ್ನಷ್ಟೇ ತನ್ನ ಕಡೆ ಎಳೆದುಕೊಂಡ.
ಒಂಟಿ ಕೊಕ್ಕೆ ಎಡಕ್ಕೆ, ಜೋಡಿ ಕೊಕ್ಕೆ ಬಲಕ್ಕೆ.
ಜೋಡಿಯದ್ದೇ ಮೇಲು ಅಂತ ನಮ್ಮಜ್ಜನೂ ಹೀಗೇ ಆರಿಸುತ್ತಿದ್ದ,
ಕನ್ನಡಕ ಒರೆಸುತ್ತ, ಯಾರನ್ನೋ ಬೈಯುತ್ತ,
ಇಷ್ಟು ಬೇಗ ಅಲ್ಲ.

"ಇದಕ್ಕೊಂದು ನೇಮ ಉಂಟು," ಅಂದೆ,
"ಮಗು ಕುಡಿದರೆ ತಾಯಿಯೂ ಕುಡಿಯಬೇಕು.
ಅದೇ ಪುಡಿ, ಅದೇ ಹೊತ್ತು."

ಅವಳು ಲೋಟ ಕೆಳಗಿಟ್ಟಳು.
"ಎಲ್ಲರೂ ಕೊನೆಗೆ ಇಲ್ಲಿಗೇ ಬರುತ್ತೀರಿ," ಅಂದಳು,
ತೋಳೆಳೆದು ಮುಂಗೈ ಮುಚ್ಚಿಕೊಂಡಳು.
ಅಜ್ಜ ಕೊಟ್ಟ ನೇಮದೊಳಗೆ ಈ ಮುಳ್ಳೂ ಇತ್ತೆಂದು
ನನಗೆ ತಿಳಿದದ್ದು ಆ ಹೊತ್ತಿಗೇ.
ತಪ್ಪು ನಿಮ್ಮದಂತಲ್ಲ, ನಿದ್ದೆ ನಿಮಗೂ ಇಲ್ಲವಲ್ಲ ಅಂತ,
ಅನ್ನಬೇಕಿತ್ತು. ಅಷ್ಟರಲ್ಲಿ ಚಹಾ ಆರಿತ್ತು.
ಪದ್ಧತಿಯಂತೆ ಹುಡುಗನಿಗೊಂದು ಕಾಗದದ ಬಲೂನು ಕೊಟ್ಟೆ.
ಊದಲಿಲ್ಲ. ಮಡಿಕೆ ಮಡಿಕೆ ಸರಿಮಾಡಿ
ಕಿಟಕಿಯ ಸಂದಿಗೆ ಸಿಕ್ಕಿಸಿದ.

ಹಿಮ ಕರಗಿ, ಮಿಂಚುಹುಳು ಸ್ಕ್ವಿಡ್ಡಿನ ಹಂಗಾಮು ಮುಗಿದ ಮೇಲೆ ಹೋದೆ.
ಡಾಕ್ಟರು ಆಗಲಿ ಅಂದಿದ್ದರಂತೆ.
ಹನ್ನೊಂದು ದಿನ ಕುಡಿದ. ಹನ್ನೆರಡನೆಯ ದಿನ
ಗೋಡೆಯ ಹಾಸಿಗೆಗೆ ಉಗಿದದ್ದು ಇನ್ನೂ ಕಂದು ಕಲೆ.
ಅವಳ ಪಾಲು ಮಾತ್ರ ಒಂದೂ ಉಳಿದಿರಲಿಲ್ಲ.
"ಕೂಗು ನಿಂತಿತೇ?"
"ಗೊತ್ತಿಲ್ಲ," ಅಂದಳು. "ಅವನು ಕೂಗುತ್ತಿಲ್ಲವೋ,
ನನಗೇ ಎಚ್ಚರವಾಗುತ್ತಿಲ್ಲವೋ."
ಹೇಳಿ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು.
ಮುಂಗೈ ಮೇಲೆ ಒಂದೇ ಗುರುತು. ಹೊಸದೇ.

ಹುಡುಗನ ಪೊಟ್ಟಣಗಳೆಲ್ಲ ಕಿಟಕಿಯ ಹಲಗೆ ಮೇಲೆ ಸಾಲಾಗಿ,
ಎರಡೆರಡು ಒಟ್ಟಿಗೆ, ಒಡೆಯದೆ.
ಕಡಲಿನ ಬೆಳಕು ಸಂಜೆಗೆ ಅವುಗಳ ಮೇಲೆ ಬೀಳುತ್ತದಂತೆ,
ಆ ಹೊತ್ತು ಅವನು ಅಲ್ಲಿಂದ ಕದಲುವುದಿಲ್ಲವಂತೆ.
ವಾಪಸು ತೆಗೆದುಕೊಳ್ಳಲು ಕೈ ಚಾಚಿದೆ.
"ಊಂ," ಅಂದ ನಗಿ, ಕಡಲನ್ನೇ ನೋಡುತ್ತ.

ಬಳಸಿದ್ದಕ್ಕಷ್ಟೇ ದುಡ್ಡು.
ಲೆಕ್ಕದ ಪುಸ್ತಕದಲ್ಲಿ ಆ ಮನೆಯೆದುರಿನ ಅಂಕಿ
ಇನ್ನೂ ಪೆನ್ಸಿಲ್ಲಿನಲ್ಲೇ ಇದೆ.