ಟಿಕೆಟ್ ಇಲ್ಲದವರು

ದೊಡ್ಡವರಿಗೆ ಹತ್ತು, ಮಕ್ಕಳಿಗೆ ಐದು,
ಕ್ಯಾಮೆರಾ ಇದ್ದರೆ ಇಪ್ಪತ್ತೈದು.
ಆ ಕಡೆ ತುಂಗೆ ಹರಿಯುತ್ತಾಳೆ,
ಈ ಕಡೆ ನಾನು ಚೀಟಿ ಹರಿಯುತ್ತೇನೆ.
ಇಬ್ಬರದೂ ಒಂದೇ ಕೆಲಸ ಅಂದುಕೊಂಡು
ಮೂರು ವರ್ಷ ಕಳೆದೆ
ಈ ತಗಡಿನ ಕಿಂಡಿಯಲ್ಲಿ.

ಆರಕ್ಕೆ ಗೋಪಾಳದ ನಗೆಕೂಟ ಬರುತ್ತದೆ.
ಹನ್ನೊಂದು ಜನ ಕೈಯೆತ್ತಿ ಹಹ್ಹಹ್ಹಾ ಅಂದರೆ
ಜೊಂಡಿನಿಂದ ಬೆಳ್ಳಕ್ಕಿಯೊಂದು ಎದ್ದು
ಆಚೆ ದಡಕ್ಕೆ ಹೋಗಿ
ಬೆನ್ನು ತಿರುಗಿಸಿ ನಿಲ್ಲುತ್ತದೆ.
ಆಮೇಲೆ ಸೈಕಲ್ಲಿನ ಹುಡುಗರು, ಬುತ್ತಿ ಗಂಟಿನವರು,
ಮಗುವಿಗೆ ಹುಲ್ಲಿನ ಮೇಲೆ ಮೊದಲ ಹೆಜ್ಜೆ ಇಡಿಸುವ ಜೋಡಿ.
ಅವರ ಲೆಕ್ಕ ನನ್ನ ಪುಸ್ತಕದಲ್ಲಿದೆ.

ಲೆಕ್ಕಕ್ಕೆ ಸಿಗದವರು ಬೇಲಿಯ ಕೆಳಗಿಂದ ಬರುತ್ತಾರೆ.
ಮುಂಗುಸಿ, ಸಂಸಾರ ಸಮೇತ.
ಹುಲ್ಲಿನ ತೆನೆಗೆ ಜೋತುಬಿದ್ದೂ
ತೆನೆಯನ್ನು ಬಾಗಿಸದ ರಾಟವಾಳ.
ನವೆಂಬರಿನಲ್ಲಿ, ಯಾವ ಹಿಮದ ಊರಿಂದಲೋ,
ಬಾಲ ಕುಣಿಸುತ್ತ ಕುಂಡೆಕುಸ್ಕ;
ಅದಂತೂ ನನ್ನ ಕಿಂಡಿಯ ಮುಂದೆಯೇ ನಡೆದುಹೋಗುತ್ತದೆ
ಪಾಸ್ ಇದ್ದವರ ಠೀವಿಯಲ್ಲಿ.

ಮಾರ್ಚಿನಲ್ಲಿ ಟಿಟ್ಟಿಭ ಬಂತು.
ಇಟ್ಟೆ, ಇಟ್ಟೆ, ಇಲ್ಲೇ ಇಟ್ಟೆ ಅಂತ
ಊರಿಗೆಲ್ಲ ಸಾರುತ್ತಿತ್ತು.
ಮಹಾ ಸುಳ್ಳುಬುರುಕಿ. ಕೂಗಿದ ಕಡೆ ಏನೂ ಇರಲಿಲ್ಲ.
ಹುಲ್ಲು ಕತ್ತರಿಸುವ ರೊಜಾರಿಯೋ
ಒಂದು ಮಧ್ಯಾಹ್ನ ಯಂತ್ರ ತಟ್ಟನೆ ನಿಲ್ಲಿಸಿ
ಬಗ್ಗಿ ನೋಡಿದ. ಬರೀ ನೆಲ, ನಾಲ್ಕು ಜಲ್ಲಿಕಲ್ಲು.
ಮುಟ್ಟಿದರೆ
ಕಲ್ಲು ಬೆಚ್ಚಗಿತ್ತಂತೆ.

ಭಾನುವಾರ ಗಾಳಿಪಟದ ಸ್ಪರ್ಧೆ.
ಬಯಲೆಲ್ಲ ನುಣ್ಣಗಾಗಬೇಕೆಂದು ಮೇಸ್ತ್ರಿಯ ಕಟ್ಟಪ್ಪಣೆ.
ರೊಜಾರಿಯೋ ಬೋಳಿಸಿದ,
ನಡುವೆ ಒಂದು ಜುಟ್ಟು ಉಳಿಸಿ.
ಕಿಂಡಿಗೆ ಬಂದು ಇಪ್ಪತ್ತು ರೂಪಾಯಿ ಇಟ್ಟ.
"ನಾಲ್ಕು ಮಕ್ಕಳು," ಅಂದ.
ಮುಖ ನೋಡಿದೆ. ನಗಲಿಲ್ಲ.
ಹರಿದು ಕೊಟ್ಟೆ.

"ಏನಯ್ಯಾ ಈ ಅವಲಕ್ಷಣ?" ಅಂತ ಮೇಸ್ತ್ರಿ ಬಂದಾಗ
ಚೀಟಿಗಳನ್ನೇ ಮುಂದೆ ಹಿಡಿದ.
"ದುಡ್ಡು ಕೊಟ್ಟು ಕೂತವರು, ಸಾರ್. ಎಬ್ಬಿಸೋಕಾಗಲ್ಲ."
ಮೇಸ್ತ್ರಿ ಬೈದ. ಅವನ ನೆತ್ತಿಯ ಮೇಲೆ
ಟೋಪಿ ಹಾರುವಷ್ಟು ಹತ್ತಿರ ಬಂದು
ಟಿಟ್ಟಿಭವೂ ಬೈಯಿತು.
ಯಾರ ಮಾತು ಯಾರಿಗೆ ಅರ್ಥವಾಯಿತೋ,
ಜುಟ್ಟು ಉಳಿಯಿತು.

ಭಾನುವಾರ ಐವತ್ತು ಗಾಳಿಪಟಗಳ ನೆರಳು
ಅದರ ಮೇಲೆ ಓಡಾಡಿತು.
ಪ್ರತಿ ನೆರಳಿಗೂ ಹದ್ದು, ಹದ್ದು ಎಂದು
ಕುತ್ತಿಗೆ ತಗ್ಗಿಸುತ್ತ, ಏಳದೆ,
ದಿನವಿಡೀ ಕೂತಿತ್ತು ಹಕ್ಕಿ.
ಬಹುಮಾನ ಯಾರಿಗೆ ಬಂತೋ ನಾನು ಕೇಳಲಿಲ್ಲ.

ಮೂರು ಒಡೆದವು.
ಕಡ್ಡಿಕಾಲಿನ ಮೂರು ಹತ್ತಿಯುಂಡೆ
ಅವತ್ತೇ ಎದ್ದು ಹೊಳೆಯ ಕಡೆ ನಡೆದವು.
ಒಂದು ಮಾತ್ರ ಕಲ್ಲೇ ಆಗಿ ಉಳಿಯಿತು.
"ಐದು ರೂಪಾಯಿ ವಾಪಸ್ ಕೊಡಲಾ?" ಅಂದೆ, ತಮಾಷೆಗೆ.
ರೊಜಾರಿಯೋ ಯಂತ್ರದ ಹಲ್ಲಿನಿಂದ
ಹುಲ್ಲು ಬಿಡಿಸುತ್ತಲೇ ಇದ್ದ.

ಕತ್ತಲಿಗೆ ಮುಂಚೆ ಬೀಗ ಹಾಕಲು ಹೋದೆ.
ಕೆಳಮೆಟ್ಟಿಲ ಹತ್ತಿರ ನೀರು ಸೀಳಿ ಒಂದು ತಲೆ ಎದ್ದಿತು.
ನೀರುನಾಯಿ. ಮೀಸೆಯಿಂದ ಹನಿ,
ಬಾಯಲ್ಲಿ ಇನ್ನೂ ಒದ್ದಾಡುವ ಮೀನು.
ನನ್ನನ್ನೇ ನೋಡಿತು.
ಅಭ್ಯಾಸಬಲ,
ಕೈ ಚಾಚಿದೆ.