ಹೆಚ್ಚುಕಮ್ಮಿ ಮೂರು

ಪ್ರತಿ ನಾಲ್ಕನೇ ಬಾಗಿಲು. ನಿಯಮ ಅದು.
ಮೂರನೆಯದರಲ್ಲಿ ಯಾರೋ ನಗುತ್ತ ನಿಂತಿದ್ದರೂ ಮಾತಾಡಿಸುವಂತಿಲ್ಲ,
ನಾಲ್ಕನೆಯದರಲ್ಲಿ ನಾಯಿ ಇದ್ದರೂ ಬಿಡುವಂತಿಲ್ಲ.
ವಾಲ್ಪರೈಸೊದ ಗುಡ್ಡಗಳಲ್ಲಿ ನಾಯಿಯಿಲ್ಲದ ಬಾಗಿಲು ಯಾವುದು,
ಮೆಟ್ಟಿಲಿಲ್ಲದ ವಿಳಾಸ ಯಾವುದು?
ಕೊರಳಲ್ಲಿ ಚೀಟಿ: ಯಸ್ನಾ ಓಲ್ಗಿನ್, ಸಮೀಕ್ಷಕಿ.
ಕೈಯಲ್ಲಿ ಟ್ಯಾಬ್ಲೆಟ್ಟು. ಬಿಸಿಲಿಗೆ ಅದರಲ್ಲಿ ಕಾಣುವುದು ನನ್ನದೇ ಮೂಗು.

"ಒಂದು ಕಾಳು ಹಿಸುಕಿದರೆ ಸಾಕು,"
ತರಬೇತಿಯ ದಿನ ಡಾನ್ ಎಲಿಯೆಸೆರ್ ಹೇಳಿದ್ದರು,
"ಇಡೀ ಹಂಡೆ ಬೆಂದಿದೆಯೋ ಇಲ್ಲವೋ ತಿಳಿಯುತ್ತದೆ.
ಚೆನ್ನಾಗಿ ತಿರುವಿರಬೇಕು, ಅಷ್ಟೆ."
ತಿರುವುವವರು ಯಾರು ಅಂತ ಯಾರೂ ಕೇಳಲಿಲ್ಲ.
ಊಟದ ಹೊತ್ತಾಗಿತ್ತು.

ಅರ್ಧ ಗಡ್ಡಕ್ಕೆ ನೊರೆ ಹಚ್ಚಿಕೊಂಡೇ ಬಂದವನೊಬ್ಬ
"ಎಲ್ಲ ಮೊದಲೇ ಬರೆದಿಟ್ಟಿರ್ತೀರಿ, ನಮ್ಮನ್ನೇನು ಕೇಳೋದು" ಅಂದ;
ನೊರೆ ಒಣಗುವ ತನಕ ನಿಂತು
ಮೂವತ್ತೆರಡೂ ಪ್ರಶ್ನೆಗೆ ಉತ್ತರ ಕೊಟ್ಟ.
ಹುಡುಗರು ಬಾಗಿಲು ತೆಗೆಯುವುದೇ ಅಪರೂಪ.
ತೆಗೆದವನೊಬ್ಬನನ್ನು ಕಚೇರಿಯಲ್ಲಿ ಎರಡೂಕಾಲರಿಂದ ಗುಣಿಸುತ್ತಾರೆ.
ನಿದ್ದೆಗಣ್ಣಲ್ಲಿ ಪ್ಯಾಂಟು ಏರಿಸುತ್ತ ನಿಂತ ಅವನಿಗೆ ಗೊತ್ತಿಲ್ಲ,
ತಾನು ಎರಡೂಕಾಲು ಜನ ಎಂದು.

ತುದಿಯಲ್ಲಿ ಹಸಿರು ತಗಡಿನ ಮನೆ. ದೋನ್ಯಾ ಎದುವಿನಾ.
ಸರಪಳಿ ಹಾಕಿದ ಬಾಗಿಲ ಸಂದಿಯಲ್ಲಿ ಒಂದು ಕಣ್ಣು, ನಾಯಿಯ ಮೂತಿ.
"ವಕೀಲನಿಗೇ!" ಅಂದಳು, ಓಣಿಗೆಲ್ಲ ಕೇಳುವಂತೆ.
"ಬರಕೊಂಡೆಯಾ?"
"ಬರೆದೆ, ಅಜ್ಜಿ."
"ನನ್ನ ಹೆಸರು?"
"ಹೆಸರಿಲ್ಲ."
ಆಮೇಲೆ ಸಣ್ಣ ದನಿಯಲ್ಲಿ,
ನಾಯಿಗೆ ಹೇಳುವ ಹಾಗೆ:
"ಎಪ್ಪತ್ತಮೂರರಲ್ಲೂ ಒಬ್ಬ ಬಂದಿದ್ದ. ಅವನ ಕೈಯಲ್ಲೂ ಪಟ್ಟಿ.
ನಮ್ಮಣ್ಣ ಬಂದರಿನಲ್ಲಿ ಕ್ರೇನು ನಡೆಸ್ತಿದ್ದ.
ಕೇಳಿದ್ದಕ್ಕೆಲ್ಲ ನಿಜ ಹೇಳಿದ.
ಅವತ್ತಿಂದ ಈ ಹೊಸ್ತಿಲಲ್ಲಿ ಯಾರು ಕೇಳಲಿ, ಗೆಲ್ಲುವವನ ಹೆಸರೇ.
ಏನಾದರೂ ಹೆಚ್ಚುಕಮ್ಮಿ ಆಗಬಾರದು ನೋಡು."

ಪರದೆಯ ಮೇಲೆ ಐದು ಚೌಕ.
ಇದಕ್ಕೊಂದು ಇರಲಿಲ್ಲ.

ಇಷ್ಟೆಲ್ಲ ಹೇಳಿ ನನ್ನದೊಂದನ್ನು ಮುಚ್ಚಿಡಲಾರೆ.
ಅರವತ್ತೊಂದನೇ ಫಾರ್ಮು. ಕಡಲಿನಿಂದ ಮಂಜು ಏರಿತ್ತು,
ಗುಡ್ಡದ ಹಳಿಗಾಡಿ ಕೆಟ್ಟಿತ್ತು, ಕತ್ತಲಾಗುತ್ತಿತ್ತು.
ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುತ್ತ ಒಬ್ಬಳನ್ನು ಹುಟ್ಟಿಸಿದೆ:
ಐವತ್ತೆರಡು ವರ್ಷ, ಶಾಲೆಯ ಅಡುಗೆಮನೆಯಲ್ಲಿ ಕೆಲಸ,
ಹಿಂದೆ ಆ ಕಡೆ, ಈ ಸಲ ಮೇಡಂ ಕಡೆ.
ಒಂದು ಮಂಡಿನೋವನ್ನೂ ಕೊಟ್ಟೆ,
ಫಾರ್ಮಿನಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೂ.

ಭಾನುವಾರ ಅಂಕಿ ಬಂತು. ನಲವತ್ತೊಂದು, ಮೂವತ್ತೊಂಬತ್ತು.
ಒಂದು ಪತ್ರಿಕೆ: "ವಕೀಲರ ನಾಗಾಲೋಟ."
ಇನ್ನೊಂದು: "ಬೆನ್ನಿಗೇ ಬಂದ ಮೇಡಂ."
ರೇಡಿಯೊದವನಿಗೆ ಉಳಿದ ಇಪ್ಪತ್ತು ಸಿಕ್ಕಿತು:
"ಮಹಾಜನರೇ, ಜನಕ್ಕೆ ರಾಜಕೀಯವೇ ಬೇಡವಾಗಿದೆ!"
ಕೆಳಗೆ ಇರುವೆಸಾಲಿನಷ್ಟು ಅಕ್ಷರ: ಹೆಚ್ಚುಕಮ್ಮಿ ಮೂರು.
ಅದನ್ನು ಓದಿದ್ದು ನಾನು, ಡಾನ್ ಎಲಿಯೆಸೆರ್,
ಮತ್ತೆ ಆ ಪುಟದಲ್ಲಿ ಸುತ್ತಿಸಿಕೊಂಡು ಯಾರ ಮನೆಗೋ ಹೋದ ಮೀನು,
ಅದರದ್ದು ಮುಚ್ಚದ ಕಣ್ಣು.

ಗೆದ್ದವರು ಮೇಡಂ.
ಮೀನುಪೇಟೆಯಲ್ಲಿ ಕೊರಳ ಚೀಟಿ ನೋಡಿ ಕೂಗಿದರು:
"ಎಷ್ಟು ತಿಂದೆ, ಸುಳ್ಳುಬುರುಕಿ?"
ನಾನೂರ ಹನ್ನೆರಡು ಬಾಗಿಲು ತಟ್ಟಿದ್ದೆ.
ಹೇಗೆ ಹೇಳಲಿ ಅವರಿಗೆ:
ಜೀವ ಇದ್ದವರು ಕೊಟ್ಟ ಉತ್ತರಗಳೆಲ್ಲ ಕೂಡಿ ತಪ್ಪಿದವು,
ಮಂಜಿನಲ್ಲಿ ನಾನು ಹುಟ್ಟಿಸಿದ ಆ ಮಂಡಿನೋವಿನವಳು
ಊರು ಹೋದ ದಾರಿಯಲ್ಲೇ ಹೋಗಿದ್ದಳು.
ಹೇಳಲಿಲ್ಲ. ಚೀಟಿಯನ್ನು ಅಂಗಿಯೊಳಗೆ ತಳ್ಳಿದೆ.

ಈಗ ಮತ್ತೊಂದು ಚುನಾವಣೆ, ಅದೇ ಮೆಟ್ಟಿಲು.
ತಟ್ಟುವ ಮೊದಲೇ ಹಸಿರು ಬಾಗಿಲು ಬೆರಳಷ್ಟು ತೆರೆಯಿತು.
"ಈ ಸಲ ಯಾರು ಗೆಲ್ತಾರಂತೆ?
ನೀನೇ ಹೇಳಿಬಿಡು, ಅದನ್ನೇ ಬರಕೋ."

"ಗೊತ್ತಿಲ್ಲ," ಅಂದೆ.

ಬಹಳ ಹೊತ್ತು ನನ್ನ ಮುಖ ನೋಡಿದಳು.
ಸರಪಳಿ ತೆಗೆದ ಸದ್ದು.
ಕಾಲಲ್ಲಿ ನಾಯಿಯನ್ನು ಅತ್ತ ಸರಿಸಿ
ದಾರಿ ಬಿಟ್ಟಳು.