ಮಂಗಳವಾರ, ಎರಡು ಸಲ

ಫಲೆಯೋಲೊ ವಿಮಾನ ನಿಲ್ದಾಣದಲ್ಲಿ ನಾನು ತೂಕ ನೋಡುವವನು.
ಟ್ಯಾರೋ ಗೆಡ್ಡೆ, ಸುತ್ತಿದ ಚಾಪೆ, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ,
ಇಪ್ಪತ್ಮೂರು ಕಿಲೋ ದಾಟಿದರೆ ಏನಾದರೊಂದು ತೆಗೆಸಬೇಕು.
ಲಂಗಿಮೈನಾಳದು ಇಪ್ಪತ್ತೈದಿತ್ತು.
ಮುಳ್ಳಿನತ್ತ ನೋಡಲಿಲ್ಲ ನಾನು.
ಅವಳ ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣು.

"ಹೊನೊಲುಲು ಎಷ್ಟು ದೂರ, ಮಗಾ?"
ಹತ್ತು ಸಲ ಹೋಗಿಬಂದವಳು ಕೇಳುತ್ತಾಳೆ!
ನಾಲ್ಕು ಸಾವಿರದ ಇನ್ನೂರು ಕಿಲೋಮೀಟರು, ಚೂರು ಕಮ್ಮಿ.
ಐದೂವರೆ ತಾಸು.
ಇಲ್ಲಿ ಏರುವಾಗ ಮಂಗಳವಾರ ರಾತ್ರಿ ಹನ್ನೊಂದು,
ಅಲ್ಲಿ ಇಳಿಯುವಾಗ ಮಂಗಳವಾರ ಬೆಳಗಿನ ಐದೂವರೆ.
ನಡುವೆ ನೀರಿನ ಮೇಲೆ ದಿನದ ಗೆರೆ ಇದೆ, ತಾಯಿ,
ದಾಟುವಾಗ ವಿಮಾನ ಕುಲುಕುವುದೂ ಇಲ್ಲ.

ಅವಳು ಬೆರಳು ಮಡಿಚಿ ಎಣಿಸಿದಳು,
ತಪ್ಪಿ, ಮೊದಲಿಂದ ಎಣಿಸಿದಳು.
"ಹಾಗಾದರೆ ನಾನು ಇಳಿಯುವಾಗ
ತಮ್ಮನನ್ನು ಇನ್ನೂ ಅಂಗಳಕ್ಕೆ ತಂದಿಲ್ಲ.
ಪೆಸಮಿನೋನ ಕಾಲು ಚಾಪೆಯಿಂದ ಆಚೆ ಇಣುಕುತ್ತಿದೆ.
ಪಾದ್ರಿ ಬಂದಿಲ್ಲ."

ನನ್ನ ಪಟ್ಟಿಯಲ್ಲಿ ಇದಕ್ಕೆ ಕಲಮು ಇಲ್ಲ.
ಚೀಟಿ ಅಂಟಿಸಿದೆ.

"ಏಳಕ್ಕೆ ಹೋಟೆಲಿನ ಪಾಳಿ. ಹದಿನಾಲ್ಕು ಕೋಣೆ.
ಬಿಳಿ ಹಾಸು ಒದರಿ, ಮೂಲೆ ಮಡಿಚಿ...
ಮತ್ತೆ ಸಂಜೆ ನಾಲ್ಕು ಆಗುತ್ತಲ್ಲ,
ಆಗ ಅವನನ್ನು ಇನ್ನೊಮ್ಮೆ ಹೂಳಬೇಕು.
ಈ ಸಲ ಒಬ್ಬಳೇ."
ಪೆಟ್ಟಿಗೆ ಪಟ್ಟಿಯ ಮೇಲೆ ತೆವಳುತ್ತ ಪರದೆಯಾಚೆ ಹೋಯಿತು.

ಅವಳ ನಾಲ್ಕು ಗಂಟೆ ನಮಗೆ ಬುಧವಾರದ ಮೂರು.
ಆಕ್ಲೆಂಡಿಗೆ ಹೊರಟವರ ಸಾಲು ಬಾಗಿಲವರೆಗಿತ್ತು.
ತೂಗುತ್ತಿದ್ದ ಮೂಟೆಯನ್ನು ಯಾಕೋ ಎತ್ತಿ ಹಿಡಿದು ನಿಂತೆ.
"ಏನಾಯ್ತು?" ಎಂದರು ಯಾರೋ.
ಮುಳ್ಳು ನಡುಗುತ್ತ
ಸೊನ್ನೆಗೆ ಬಂದು ನಿಲ್ಲುವವರೆಗೆ
ಕೆಳಗಿಡಲಿಲ್ಲ.